ತಿಗರಿಯಿಲ್ಲದೆ ಬೆಳೆದ ಕೊಡ

ಬೇಸಗೆ ಕಾಲಿಟ್ಟಿತೆಂದರೆ ನಮ್ಮ ಮನೆಗಳಲ್ಲಿ ಮಣ್ಣಿನ ಹೂಜಿಗೆ ಮರಳಿ ಮರ್ಯಾದೆ ಬರುವುದು. ಅಡಿಗೆಮನೆಯಲ್ಲಿ ಉಕ್ಕಿನ ಪಾತ್ರೆಗಳು ಸಾಲಾಗಿ ಹೊಳೆಯುತ್ತಿದ್ದರೂ, ಮೂಲೆಯಲ್ಲಿ ಫ್ರಿಜ್ಜು ನಿಂತಿದ್ದರೂ, ಗಡಿಗೆಯ ನೀರಿನ ತಂಪೇ ಬೇರೆಯೆಂಬ ಮಾತನ್ನು ಹಿರಿಯರು ಬಿಡುವುದಿಲ್ಲ. ಸಂತೆಗೆ ಹೋದ ಗೃಹಿಣಿಯು ಹೂಜಿಯನ್ನು ಎತ್ತಿ ಹಿಡಿದು, ಬೆರಳಿನ ಗೆಣ್ಣಿನಿಂದ ಎರಡು ಸಾರಿ ಬಾರಿಸಿ, ಕಿವಿಗೊಟ್ಟು ಕೇಳುವಳು. ಠಣ್ಣೆಂದು ನುಡಿದರೆ ಗಟ್ಟಿ. ಮಂಕಾಗಿ ನುಡಿದರೆ ಎಲ್ಲಿಯೋ ಕಾಣದ ಬಿರುಕುಂಟು. ಈ ಪರೀಕ್ಷೆಯನ್ನು ಯಾವ ಪಾಠಶಾಲೆಯೂ ಆಕೆಗೆ ಕಲಿಸಿದ್ದಲ್ಲ. ಹೀಗೆ ಬಾರಿಸಿ ನೋಡಿ, ಬೆಲೆಯನ್ನು ಜಗ್ಗಿ, ಕೊಂಡು ತಂದ ಹೂಜಿಯು ಯಾರ ಕೈಯಿಂದ ಹುಟ್ಟಿತೆಂದು ಮಾತ್ರ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಚಿತ್ರಪಟದ ಮೂಲೆಯಲ್ಲಿ ಚಿತ್ರಕಾರನ ಹೆಸರನ್ನು ಹುಡುಕುವ ನಾವು ಗಡಿಗೆಯ ತಳವನ್ನು ತಿರುಗಿಸಿ ನೋಡುವವರಲ್ಲ.

ಈ ಶಿರೋನಾಮೆಯ ಕೆಳಗೆ ಪ್ರತಿ ತಿಂಗಳೂ ಕೈಕೆಲಸದಲ್ಲಿ ಹೆಸರಾದ ಒಬ್ಬರನ್ನು ಕುರಿತು ನಾಲ್ಕು ಮಾತು ಬರೆಯುವ ಪದ್ಧತಿಯನ್ನು ವಾಚಕರು ಬಲ್ಲರು. ಈ ಸಲ ನಾನು ಆರಿಸಿಕೊಂಡಿರುವುದು ಮ್ಯಾಗ್ಡಲೀನ್ ಒಡುಂಡೊ ಎಂಬ ಮಹಿಳೆಯನ್ನು. ಈಕೆಯು ಹುಟ್ಟಿದ್ದು ಆಫ್ರಿಕಾದ ಕೀನ್ಯಾ ದೇಶದಲ್ಲಿ. ಕೆಲಸವೆಸಗುತ್ತ ಬಂದಿರುವುದು ಇಂಗ್ಲೆಂಡಿನಲ್ಲಿ. ಈಕೆಯು ಮಾಡುವ ಕೊಡಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿಯೂ, ನ್ಯೂಯಾರ್ಕಿನ ಮೆಟ್ರಾಪಾಲಿಟನ್ ಮ್ಯೂಸಿಯಮ್ಮಿನಲ್ಲಿಯೂ ಗಾಜಿನ ಹಿಂದೆ ನಿಂತಿವೆ. ಆದರೆ ಅವುಗಳಲ್ಲಿ ಒಂದೂ ತಿಗರಿಯ ಮೇಲೆ ಸುತ್ತಿದ್ದಲ್ಲ. ತಿಗರಿಯಿಲ್ಲದ ಕುಂಬಾರಿಕೆಯೆಂದರೆ ನಮಗೆ ಎತ್ತಿಲ್ಲದ ಗಾಡಿಯಂತೆ ಕಾಣುವುದು ಸಹಜವೇ. ಅದು ಹೇಗೆ ಸಾಧ್ಯವಾಯಿತು, ಆ ವಿದ್ಯೆಯನ್ನು ಈಕೆಯು ಯಾರಿಂದ ಪಡೆದಳು, ಅದರಲ್ಲಿ ನಾವು ತಿಳಿಯತಕ್ಕದ್ದೇನು ಎಂಬುದೇ ಈ ತಿಂಗಳ ವಿಷಯ.

ಒಡುಂಡೊ ಹುಟ್ಟಿದ್ದು 1950ರಲ್ಲಿ, ಕೀನ್ಯಾದ ರಾಜಧಾನಿಯಾದ ನೈರೋಬಿಯಲ್ಲಿ. ಬಾಲ್ಯದ ವಿದ್ಯಾಭ್ಯಾಸವು ಸ್ವಲ್ಪ ಕಾಲ ನಮ್ಮ ಭಾರತದಲ್ಲಿಯೂ, ಉಳಿದದ್ದು ಕೀನ್ಯಾದಲ್ಲಿಯೂ ನಡೆಯಿತೆಂಬುದು ನಮಗೆ ಸಂತೋಷದ ಸಂಗತಿ. ಆದರೆ ಮೊದಲು ಈಕೆಯ ಮನಸ್ಸು ಮಣ್ಣಿನ ಕಡೆಗೆ ತಿರುಗಿರಲಿಲ್ಲ. ನೈರೋಬಿಯಲ್ಲಿ ಕಲಿತದ್ದು ವ್ಯಾಪಾರದ ಜಾಹೀರಾತುಗಳಿಗೆ ಬೇಕಾಗುವ ಚಿತ್ರಕಲೆ. ಅದನ್ನೇ ಮುಂದುವರಿಸುವ ಉದ್ದೇಶದಿಂದ 1971ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಬಂದು ಅಲ್ಲಿಯ ಕಲಾಶಾಲೆಯನ್ನು ಸೇರಿದಳು. ಅಲ್ಲಿ ಮಣ್ಣು ಮೊದಲ ಸಲ ಕೈಗೆ ಹತ್ತಿತು. ಕಾಗದದ ಮೇಲೆ ಬರೆದ ರೇಖೆಯು ಒಂದೇ ಕಡೆಯಿಂದ ಕಾಣುವುದು. ಮಣ್ಣಿನಲ್ಲಿ ಎಳೆದ ರೇಖೆಯಾದರೋ ಸುತ್ತಲೂ ನಡೆದು ನೋಡಿದರೆ ಹೆಜ್ಜೆಗೊಂದು ರೂಪ ತಾಳುವುದು. ಮುದ್ರಣದ ಚಿತ್ರಗಾರ್ತಿಯಾಗಬೇಕೆಂದು ಬಂದವಳು ಮನಸ್ಸನ್ನು ಬದಲಿಸಿ 1973ರಲ್ಲಿ ಸರ್ರೆ ಪ್ರಾಂತದ ಫಾರ್ನಂ ಎಂಬ ಊರಿನ ಕಲಾಶಾಲೆಯಲ್ಲಿ ಕುಂಬಾರಿಕೆಯ ವಿದ್ಯಾರ್ಥಿನಿಯಾದಳು.

ಇಂಗ್ಲೆಂಡಿನ ಅಂದಿನ ಕುಂಬಾರಿಕೆಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗದು. ಯಂತ್ರಗಳ ಕಾಲದಲ್ಲಿ ಕಾರಖಾನೆಗಳು ಪಿಂಗಾಣಿ ತಟ್ಟೆಬಟ್ಟಲುಗಳನ್ನು ಸಾವಿರಗಟ್ಟಲೆ ಹೊರಗೆಡಹಿದ್ದರಿಂದ ಹಳ್ಳಿಯ ಕುಂಬಾರರು ಅಲ್ಲಿ ಬಹುಮಟ್ಟಿಗೆ ಇಲ್ಲವಾದರು. ಆಗ ಕೆಲವು ಕಲಾವಿದರು ಮಣ್ಣನ್ನು ತಾವೇ ಹದಮಾಡಿ, ಪಾತ್ರೆಯನ್ನು ತಾವೇ ರೂಪಿಸಿ, ಆವಿಗೆಯನ್ನು ತಾವೇ ಉರಿಸಿ, ಆರಂಭದಿಂದ ಕೊನೆಯವರೆಗೆ ಒಂದೇ ಕೈಯ ಕೆಲಸವಾಗಿರಬೇಕೆಂದು ಹಟತೊಟ್ಟು ಸ್ವಂತ ಕಾರ್ಯಾಗಾರಗಳನ್ನು ತೆರೆದರು. ಇವರಿಗೆ ಸ್ಟುಡಿಯೋ ಕುಂಬಾರರೆಂದು ಹೆಸರು. ಇವರಲ್ಲಿ ಅಗ್ರಗಣ್ಯನಾದ ಬರ್ನಾರ್ಡ್ ಲೀಚ್ ಎಂಬಾತನು 1920ರಲ್ಲಿ ಜಪಾನಿನ ಶೋಜಿ ಹಮಾದಾ ಎಂಬ ಮಿತ್ರನನ್ನು ಕೂಡಿಕೊಂಡು ಸೇಂಟ್ ಐವ್ಸ್ ಎಂಬ ಕಡಲತೀರದ ಊರಿನಲ್ಲಿ ಆವಿಗೆ ಹೂಡಿದನು. ತಿಗರಿ, ಗಾಜಿನಂಥ ಲೇಪ, 1200 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಉರಿಯಲ್ಲಿ ಕಲ್ಲಿನಂತೆ ಗಟ್ಟಿಯಾಗುವ ಪಾತ್ರೆ, ಇವೇ ಆ ಪಂಥದ ಮುಖ್ಯ ಲಕ್ಷಣಗಳಾದವು. ಒಡುಂಡೊ ಕಲಿಯಲು ಬಂದ ಕಾಲಕ್ಕೆ ಒಳ್ಳೆಯ ಕುಂಬಾರಿಕೆಯೆಂದರೆ ಇದೇ ಎಂಬ ಭಾವನೆಯು ಬೇರೂರಿತ್ತು.

ಲೀಚನ ಮೊದಲ ಶಿಷ್ಯರಲ್ಲಿ ಮೈಕೆಲ್ ಕಾರ್ಡ್ಯೂ ಎಂಬವನೊಬ್ಬನು. ಈತನು ಪಶ್ಚಿಮ ಆಫ್ರಿಕಾದ ನೈಜೀರಿಯಾಕ್ಕೆ ಹೋಗಿ, 1950ರ ದಶಕದ ಮೊದಲಲ್ಲಿ ಅಬುಜಾ ಎಂಬ ಊರಿನಲ್ಲಿ ಕುಂಬಾರಿಕೆಯ ಶಿಕ್ಷಣಕೇಂದ್ರವೊಂದನ್ನು ಸ್ಥಾಪಿಸಿದ್ದನು. (ಇಂದಿನ ರಾಜಧಾನಿಯಾದ ಅಬುಜಾ ಬೇರೆ, ಆ ಹಳೆಯ ಊರಿಗೆ ಈಗ ಸುಲೇಜಾ ಎಂದು ಹೆಸರು.) ಆ ಪ್ರಾಂತದ ಜನರಿಗೆ ತಿಗರಿಯನ್ನೂ ಲೇಪವನ್ನೂ ಕಲಿಸಬೇಕೆಂಬುದು ಆತನ ಉದ್ದೇಶವಾಗಿತ್ತು. ಆದರೆ ಅಲ್ಲಿಯ ಗ್ವಾರಿ ಜನಾಂಗದ ಹೆಂಗಸರು ಯಾರಿಂದಲೂ ಕಲಿಯಬೇಕಾದ ಸ್ಥಿತಿಯಲ್ಲಿರಲಿಲ್ಲ. ತಿಗರಿಯ ಸಹಾಯವಿಲ್ಲದೆಯೇ, ಅಳತೆಗೋಲಿನ ಸಹಾಯವಿಲ್ಲದೆಯೇ, ಅವರು ನೀರು ತುಂಬುವ ದೊಡ್ಡ ಹರವಿಗಳನ್ನು ಕಣ್ಣಿಗೆ ಎಳ್ಳಷ್ಟೂ ಡೊಂಕು ಕಾಣದಂತೆ ಎಬ್ಬಿಸುತ್ತಿದ್ದರು. ಅವರಲ್ಲಿ ಲಾಡಿ ಕ್ವಾಲಿ ಎಂಬಾಕೆಯ ಕೈಯು ಎಲ್ಲರಿಗಿಂತ ಹೆಚ್ಚು ಪಳಗಿದ್ದು. ಹಳ್ಳಿಯಲ್ಲಿ ತನ್ನ ಅತ್ತೆಚಿಕ್ಕಮ್ಮಂದಿರ ವಾರಗೆಯ ಹೆಂಗಸರಿಂದ ಕಲಿತಿದ್ದ ಈಕೆಯು 1954ರಲ್ಲಿ ಆ ಕೇಂದ್ರವನ್ನು ಸೇರಿದಳು. ಅಲ್ಲಿಗೆ ಪ್ರವೇಶಿಸಿದ ಮೊದಲನೆಯ ಹೆಂಗಸು ಈಕೆಯೇ.

ಕಾರ್ಡ್ಯೂ ನೈಜೀರಿಯಾವನ್ನು ಬಿಟ್ಟು ಇಂಗ್ಲೆಂಡಿಗೆ ಮರಳಿದ ಮೇಲೆ ಒಡುಂಡೊವಿಗೆ ಆತನ ಪರಿಚಯವಾಯಿತು. ಆತನ ಪ್ರೋತ್ಸಾಹದಿಂದ 1974-75ರಲ್ಲಿ ಈಕೆಯು ಅಬುಜಾಕ್ಕೆ ಹೊರಟಳು. ಈ ಪ್ರಯಾಣವನ್ನು ವಾಚಕರು ಸ್ವಲ್ಪ ನಿಧಾನಿಸಿ ಯೋಚಿಸಬೇಕು. ಆಫ್ರಿಕಾದ ನಗರವೊಂದರ ಹುಡುಗಿಯು ವಿದ್ಯೆಗಾಗಿ ಸಮುದ್ರವನ್ನು ದಾಟಿ ಇಂಗ್ಲೆಂಡಿಗೆ ಬಂದಿದ್ದಾಳೆ. ಅಲ್ಲಿಯ ಗುರುಗಳು ಕೊಡುವ ಪದವಿಯು ಇನ್ನೇನು ಕೈಗೆ ಬರಲಿದೆ. ಅಂಥ ಸಮಯದಲ್ಲಿ ಆಕೆಯು ಮತ್ತೆ ಸಮುದ್ರವನ್ನು ದಾಟಿ, ಆಫ್ರಿಕಾದ ಇನ್ನೊಂದು ತುದಿಗೆ ಹೋಗಿ, ಯಾವ ಕಲಾಶಾಲೆಯ ಮೆಟ್ಟಿಲನ್ನೂ ಹತ್ತದ ಹೆಂಗಸರ ಮುಂದೆ ಶಿಷ್ಯಳಾಗಿ ನಿಲ್ಲುತ್ತಾಳೆ. ಕಲಿತವರಿಗೆ ಕಲಿಯದವರ ಕಾಲಬಳಿ ಕುಳಿತುಕೊಳ್ಳುವುದು ಎಷ್ಟು ಕಷ್ಟವೆಂಬುದು ನಮ್ಮ ದೇಶದಲ್ಲಿ ಯಾರಿಗೂ ಹೊಸತಲ್ಲ. ಒಡುಂಡೊವಿನ ಬಾಳಿನಲ್ಲಿ ಇದೇ ತಿರುವಿನ ದಿನವಾಯಿತೆಂದು ನನ್ನ ಅಭಿಪ್ರಾಯ.

ಅಲ್ಲಿ ಆಕೆಯು ಕಂಡದ್ದೇನು? ಹದಮಾಡಿದ ಮಣ್ಣಿನ ಮುದ್ದೆಯೊಂದನ್ನು ಎತ್ತರವಾದ ಪೀಠದ ಮೇಲಿಟ್ಟು, ಮುಷ್ಟಿಯಿಂದ ನಡುವೆ ಗುಳಿಮಾಡಿ, ಒಳಗೊಂದು ಕೈ ಹೊರಗೊಂದು ಕೈಯಿಟ್ಟು ಗೋಡೆಯನ್ನು ಮೇಲಕ್ಕೆಳೆಯುವರು. ಅದರ ಮೇಲೆ, ನಾವು ಕೋಡುಬಳೆಗೆ ಹಿಟ್ಟು ಹೊಸೆಯುವಂತೆ ಹೊಸೆದ ದಪ್ಪನೆಯ ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಕೂಡಿಸಿ, ಸಂದುಗಳನ್ನು ಬೆರಳಿನಿಂದ ತೀಡಿ ಒಂದುಮಾಡುವರು. ಸೋರೆಬುರುಡೆಯ ಚೂರಿನಿಂದ ಹೆರೆದು ಗೋಡೆಯನ್ನು ತೆಳುಪಾಗಿಸುವರು. ಇಷ್ಟು ಹೊತ್ತೂ ಪಾತ್ರೆಯು ನಿಂತಲ್ಲಿಯೇ ನಿಂತಿರುವುದು, ಸುತ್ತುವುದು ಕುಂಬಾರಗಿತ್ತಿ. ಬಾಗಿದ ಬೆನ್ನಿನಲ್ಲಿ, ಅಳತೆ ತಪ್ಪದ ಹೆಜ್ಜೆಗಳಲ್ಲಿ, ಪಾತ್ರೆಯನ್ನು ಪ್ರದಕ್ಷಿಣೆ ಮಾಡುತ್ತ ಮಾಡುತ್ತ ಆಕೆಯು ಅದನ್ನು ಗುಂಡಾಗಿಸುವಳು. ತಿಗರಿಯು ಮಾಡುವ ಕೆಲಸವನ್ನು ಇಲ್ಲಿ ಕಾಲುಗಳು ಮಾಡುವುವು. ನೋಡುವವರಿಗೆ ಅದೊಂದು ನೃತ್ಯದಂತೆ ತೋರುವುದು. ನಮ್ಮ ಹರಿಹರ ಕವಿಯ ರಗಳೆಯಲ್ಲಿ ಕುಂಬಾರ ಗುಂಡಯ್ಯನು ಮಡಕೆಯನ್ನು ಬಾರಿಸಿದ ದನಿಗೆ ಶಿವನೇ ಕುಣಿದನೆಂಬ ಕಥೆಯುಂಟಷ್ಟೆ. ಗ್ವಾರಿ ಹೆಂಗಸರ ಕೆಲಸದಲ್ಲಿಯಾದರೋ ಕುಣಿತವು ಮಡಕೆಯ ಹುಟ್ಟಿನಲ್ಲಿಯೇ ಸೇರಿಹೋಗಿದೆ.

ಇದು ಆಫ್ರಿಕಾಕ್ಕೆ ಮಾತ್ರ ಸೇರಿದ ವಿಚಿತ್ರವೆಂದು ತಿಳಿಯಬೇಕಾಗಿಲ್ಲ. ನಮ್ಮ ಮಣಿಪುರದ ಆಂದ್ರೊ, ಥೊಂಗ್ಜಾವೊ ಮೊದಲಾದ ಊರುಗಳಲ್ಲಿ ಹೆಂಗಸರು ಇದೇ ರೀತಿಯಲ್ಲಿ ತಿಗರಿಯಿಲ್ಲದೆ, ಪಾತ್ರೆಯ ಸುತ್ತಲೂ ತಾವೇ ನಡೆದು, ಮಡಕೆಗಳನ್ನು ಮಾಡುತ್ತ ಬಂದಿದ್ದಾರೆ. ಥೊಂಗ್ಜಾವೊದ ನೀಲಮಣಿ ದೇವಿಯವರಿಗೆ ಈ ಕೆಲಸಕ್ಕಾಗಿಯೇ 2007ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಭಾರತದ ಬಹುಭಾಗದಲ್ಲಿ ತಿಗರಿಯ ಮುಂದೆ ಕುಳಿತುಕೊಳ್ಳುವವರು ಗಂಡಸರೇ. ಹೆಂಗಸರು ಮಣ್ಣು ತುಳಿದು, ನೀರು ಹೊತ್ತು, ಒಣಗಿಸಿ, ಬಣ್ಣ ಬಳಿದು, ಸಂತೆಗೆ ಹೊತ್ತು ಮಾರುವರು. ಎಲ್ಲಿ ತಿಗರಿಯಿಲ್ಲವೋ ಅಲ್ಲಿ ಮಡಕೆಯು ಮೊದಲಿಂದ ಕೊನೆಯವರೆಗೆ ಹೆಂಗಸಿನ ಕೈಯಲ್ಲಿಯೇ ಉಳಿದಿರುವುದನ್ನು ಈ ಎರಡು ದೂರದೇಶಗಳಲ್ಲಿ ಕಾಣುತ್ತೇವೆ.

ಅಬುಜಾದಿಂದ ಒಡುಂಡೊ ತನ್ನ ಹುಟ್ಟುನಾಡಾದ ಕೀನ್ಯಾದಲ್ಲಿಯೂ ಹಳ್ಳಿಯ ಕುಂಬಾರಿಕೆಯನ್ನು ನೋಡಿಕೊಂಡು ಬಂದಳು. ಅನಂತರ ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದ ಸಾನ್ ಇಲ್ಡೆಫಾನ್ಸೊ ಎಂಬ ಆದಿನಿವಾಸಿಗಳ ಊರಿಗೂ ಹೋದಳು. ಅಲ್ಲಿ ಮರಿಯಾ ಮಾರ್ಟಿನೆಜ್ (1887-1980) ಎಂಬ ಹಿರಿಯಾಕೆಯು ಕನ್ನಡಿಯಂತೆ ಹೊಳೆಯುವ ಕಪ್ಪು ಮಡಕೆಗಳಿಂದ ಲೋಕಪ್ರಸಿದ್ಧಳಾಗಿದ್ದಳು. ಆಕೆಗೂ ತಿಗರಿಯಿಲ್ಲ, ಲೇಪವಿಲ್ಲ. ಸುರುಳಿಯಿಂದ ಕಟ್ಟಿದ ಮಡಕೆಯನ್ನು ನಯವಾದ ಕಲ್ಲಿನಿಂದ ತಿಕ್ಕಿ ಒಪ್ಪವಿಟ್ಟು, ಉರಿಯು ಏರಿದಾಗ ಪುಡಿಮಾಡಿದ ಕುದುರೆಯ ಲದ್ದಿಯನ್ನು ಮೇಲೆ ಸುರಿದು ಬೆಂಕಿಯನ್ನು ಉಸಿರುಗಟ್ಟಿಸಿದರೆ ಕೆಂಪು ಮಡಕೆಯು ಕಪ್ಪಾಗುವುದು. ಹೀಗೆ ಎರಡು ಖಂಡಗಳ ಹಳ್ಳಿಯ ತಾಯಂದಿರಿಂದ ಪಡೆದ ವಿದ್ಯೆಯ ಗಂಟನ್ನು ಹೊತ್ತು ಒಡುಂಡೊ 1979ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಎಂಬ ಕಲಾಶಾಲೆಯನ್ನು ಸೇರಿ, 1982ರಲ್ಲಿ ಪದವಿ ಪಡೆದು ಹೊರಬಂದಳು. ಆ ಹೊತ್ತಿಗೆ ಆಕೆಯ ದಾರಿಯು ನಿಶ್ಚಯವಾಗಿತ್ತು: ತಿಗರಿ ಬೇಡ, ಗಾಜಿನ ಲೇಪ ಬೇಡ, ಕೆಮ್ಮಣ್ಣು, ಕೈ, ಕಲ್ಲು, ಬೆಂಕಿ ಇಷ್ಟು ಸಾಕು.

ಈಗ ಕೆಲಸದ ಕ್ರಮವನ್ನು ನೋಡೋಣ. ಮೊದಲು ಮಣ್ಣಿನ ಮುದ್ದೆಯನ್ನು ಟೊಳ್ಳುಮಾಡಿ ತಳವನ್ನು ಎಬ್ಬಿಸಿ, ಸುರುಳಿಗಳನ್ನು ಕೂಡಿಸುತ್ತ ಮೇಲಕ್ಕೆ ಬೆಳೆಸುವುದು. ಇದು ಆತುರದವರ ಕೆಲಸವಲ್ಲ. ಹಸಿಮಣ್ಣಿಗೆ ತನ್ನ ಮೇಲಿನ ಭಾರವನ್ನು ಹೊರುವ ಶಕ್ತಿಯಿಲ್ಲ. ಕೆಳಗಿನ ಭಾಗವು ಸ್ವಲ್ಪ ಬಲಿಯುವವರೆಗೆ ಮೇಲೆ ಸೇರಿಸಿದರೆ ಗೋಡೆಯು ಕುಸಿಯುವುದು. ಹಾಗೆಂದು ಪೂರಾ ಒಣಗಲು ಬಿಟ್ಟರೆ ಹೊಸ ಸುರುಳಿಯು ಹಳೆಯದಕ್ಕೆ ಬೆಸೆಯದು. ಮೊಸರಿಗೆ ಹೆಪ್ಪು ಹಾಕುವವರು ಹಾಲಿನ ಬಿಸಿಯನ್ನು ಬೆರಳಿನಿಂದಲೇ ಅರಿಯುವಂತೆ ಈ ಹದವನ್ನೂ ಬೆರಳಿನಿಂದಲೇ ಅರಿಯಬೇಕು. ಗೋಡೆಯು ಎಲ್ಲೆಡೆಯೂ ಸಮಾನವಾಗಿ ತೆಳುವಾಗಿರಬೇಕೆಂದು ಒಳಗೂ ಹೊರಗೂ ಹೆರೆಯುವುದು. ಒಂದೆಡೆ ದಪ್ಪ ಒಂದೆಡೆ ತೆಳು ಆಯಿತೆಂದರೆ ಒಣಗುವಾಗ ಎರಡೂ ಭಾಗಗಳು ಬೇರೆಬೇರೆ ವೇಗದಲ್ಲಿ ಕುಗ್ಗಿ, ನಡುವೆ ಬಿರುಕು ಬಿಡುವುದು ನಿಶ್ಚಯ.

ತಿಗರಿಯು ಕೊಡುವ ರೂಪಕ್ಕೆ ಒಂದು ಮಿತಿಯುಂಟು. ಸುತ್ತುವ ವಸ್ತುವು ಎಲ್ಲ ಕಡೆಯೂ ಒಂದೇ ಆಗಿರಲೇಬೇಕು. ಕೈಯಿಂದ ಕಟ್ಟಿದ್ದಕ್ಕೆ ಆ ಕಟ್ಟುಪಾಡಿಲ್ಲ. ಒಡುಂಡೊವಿನ ಕೊಡವೊಂದು ಬಸುರಿಯ ಒಡಲಿನಂತೆ ಒಂದು ಕಡೆಗೆ ತುಂಬಿಕೊಂಡು, ಅದರ ಕಂಠವು ಇನ್ನೊಂದು ಕಡೆಗೆ ಮೆಲ್ಲನೆ ವಾಲಿ, ಬಾಯಿಯು ಅಗಲವಾಗಿ ಅರಳಿರುವುದು. ಬೀಳುತ್ತದೆಯೋ ಎಂದು ತೋರಿದರೂ ಬೀಳುವುದಿಲ್ಲ. ನೀರು ಹೊತ್ತ ಹೆಂಗಸು ಸೊಂಟವನ್ನು ಒಂದು ಕಡೆಗೆ ಕೊಟ್ಟು ತೂಗಿಸಿಕೊಂಡು ನಿಂತಂತೆ ನಿಂತಿರುವುದು. ಕೆಲವು ಕೊಡಗಳ ಬೆನ್ನಿನ ಮೇಲೆ ಬೆನ್ನೆಲುಬಿನ ಗಂಟುಗಳಂಥ ಸಣ್ಣ ಗುಬ್ಬಿಗಳು ಸಾಲಾಗಿರುವುವು. ಇದಲ್ಲದೆ ಬೇರೆ ಅಲಂಕಾರವೇ ಇಲ್ಲ: ಹೂವಿಲ್ಲ, ಬಳ್ಳಿಯಿಲ್ಲ, ಗೆರೆಯಿಲ್ಲ. ಮಡಕೆಗೂ ಮೈಗೂ ನಮ್ಮ ಭಾಷೆಯಲ್ಲಿ ಘಟವೆಂಬ ಒಂದೇ ಮಾತಿರುವುದನ್ನು ನೆನೆದರೆ ಇದರ ಅರ್ಥವು ನಮಗೆ ಬೇಗನೆ ಹೊಳೆಯುವುದು. ಕಂಠ, ಹೊಟ್ಟೆ, ಬಾಯಿ, ತುಟಿ ಎಂದು ಮಡಕೆಯ ಅಂಗಗಳನ್ನು ನಾವು ದಿನವೂ ಕರೆಯುತ್ತೇವಲ್ಲವೆ? ಆ ಮಾತುಗಳಲ್ಲಿ ಅಡಗಿರುವುದನ್ನು ಈಕೆಯು ಕಣ್ಣಿಗೆ ಕಾಣುವಂತೆ ಮಾಡಿದ್ದಾಳೆ.

ಇನ್ನು ಹೊಳಪಿನ ವಿಚಾರ. ಗಾಜಿನ ಲೇಪವೇ ಇಲ್ಲದೆ ಮೈ ಹೇಗೆ ಮಿನುಗುವುದು? ಬಾನಿಯಲ್ಲಿ ಮಣ್ಣನ್ನು ನೀರಿನೊಡನೆ ಕಲಕಿಟ್ಟರೆ ಮರಳೂ ದಪ್ಪ ಕಣಗಳೂ ತಳಕ್ಕಿಳಿದು, ಅತಿ ಸೂಕ್ಷ್ಮವಾದ ಕಣಗಳು ಮಾತ್ರ ಮೇಲಿನ ನೀರಿನಲ್ಲಿ ತೇಲುತ್ತಿರುವುವು. ಆ ನೀರನ್ನು ಅಲುಗದಂತೆ ಬೇರೆ ಮಾಡಿಕೊಂಡು ಗಟ್ಟಿಯಾಗಿಸಿದರೆ ಕೆನೆಯಂಥ ಲೇಪವೊಂದು ಸಿಗುವುದು. ಪ್ರಾಚೀನ ರೋಮಿನ ಕೆಂಪು ಪಾತ್ರೆಗಳ ಹೆಸರಿನಿಂದ ಇದನ್ನು ಟೆರ್ರಾ ಸಿಜಿಲಾಟಾ ಎಂದು ಕರೆಯುವರು. ಇದನ್ನು ಬಳಿದು, ಅರೆಯಾರಿದ ಮೈಯನ್ನು ನಯಗಲ್ಲಿನಿಂದ ತಿಕ್ಕುತ್ತ ಹೋಗುವರು. ಮಣ್ಣಿನ ಕಣಗಳು ಸ್ವಭಾವತಃ ಚಪ್ಪಟೆಯಾದ ಹಲ್ಲೆಗಳಂತೆ ಇರುವುವು. ಕಲ್ಲಿನ ಒತ್ತಡಕ್ಕೆ ಅವೆಲ್ಲ ಒಂದೇ ದಿಕ್ಕಿಗೆ ಮಲಗಿ, ಹಾಸುಗಲ್ಲು ಹಾಸಿದ ಅಂಗಳದಂತೆ ಸಮವಾಗುವುವು. ಬೆಳಕು ಅವುಗಳ ಮೇಲೆ ಬಿದ್ದು ಹಿಂತಿರುಗುವುದು. ಅದೇ ಹೊಳಪು. ಮಿತಿಮೀರಿದ ಉರಿಯಲ್ಲಿ ಈ ಜೋಡಣೆಯು ಕೆಟ್ಟು ಒಪ್ಪವು ಮಾಸುವುದರಿಂದ ಇಂಥ ಪಾತ್ರೆಗಳನ್ನು ಕಲ್ಲುಪಾತ್ರೆಗಳಂತೆ ಬಲವಾಗಿ ಸುಡುವಂತಿಲ್ಲ.

ಕೊನೆಗೆ ಬೆಂಕಿ. ಗಾಳಿಯಾಡುವಂತೆ ಸುಟ್ಟರೆ ಮಣ್ಣಿನೊಳಗಿನ ಕಬ್ಬಿಣದ ಅಂಶವು ಗಾಳಿಯ ಆಮ್ಲಜನಕವನ್ನು ಕೂಡಿ ಇಟ್ಟಿಗೆಯ ಕೆಂಪನ್ನು ಕೊಡುವುದು. ಒಡುಂಡೊವಿನ ಕೆಲವು ಕೊಡಗಳು ಇಷ್ಟಕ್ಕೇ ನಿಂತು ಕಿತ್ತಳೆಗೆಂಪಿನಲ್ಲಿ ಉರಿಯುವುವು. ಕಪ್ಪು ಬೇಕಾದಾಗ ಎರಡನೆಯ ಸಲ ಸುಡುವಳು. ಈ ಸಲ ಪಾತ್ರೆಯನ್ನು ಮರದ ಚೂರು ಹೊಟ್ಟುಗಳೊಡನೆ ಮುಚ್ಚಿದ ಭರಣಿಯಲ್ಲಿಟ್ಟು ಗಾಳಿಯನ್ನು ತಡೆಯುವುದು. ಉರಿಯಲು ಗಾಳಿ ಸಾಲದೆ ಹೋದ ಬೆಂಕಿಯು ಮಣ್ಣಿನೊಳಗಿಂದಲೇ ಆಮ್ಲಜನಕವನ್ನು ಎಳೆದುಕೊಳ್ಳುವುದು. ಹೊಗೆಯ ಇಂಗಾಲವು ಮೈಯ ಸೂಕ್ಷ್ಮ ರಂಧ್ರಗಳಲ್ಲಿ ಇಳಿಯುವುದು. ಕೆಂಪು ಕಪ್ಪಾಗುವುದು. ಎಲ್ಲಿ ಹೊಗೆಯು ಹೆಚ್ಚು ತಾಗಿತೋ ಅಲ್ಲಿ ಕಾಡಿಗೆ, ಎಲ್ಲಿ ಗಾಳಿಯ ಎಳೆ ನುಸುಳಿತೋ ಅಲ್ಲಿ ಸಂಜೆಯ ಆಗಸದ ಕೆಂಪು. ಈ ಬಣ್ಣವನ್ನು ಕುಂಚದಿಂದ ಬಳಿಯಲು ಬರುವುದಿಲ್ಲ. ಬೆಂಕಿಯಿಂದ ಬೇಡಿ ಪಡೆಯಬೇಕು.

ಈ ರಹಸ್ಯವು ನಮ್ಮ ನಾಡಿಗೂ ಬಹು ಹಳೆಯದು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನದಿಂದ ಪ್ರಸಿದ್ಧವಾದ ಬ್ರಹ್ಮಗಿರಿಯನ್ನು ಮೊದಲು ಮೈಸೂರಿನ ಡಾಕ್ಟರ್ ಎಂ. ಎಚ್. ಕೃಷ್ಣ ಅವರೂ, ಅನಂತರ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆಸಿದರು. ಅಲ್ಲಿಯ ಬೃಹತ್ ಶಿಲಾಸಮಾಧಿಗಳಲ್ಲಿ ದೊರೆತ ಪಾತ್ರೆಗಳು ಒಳಗೂ ಬಾಯಿಯ ಅಂಚಿನಲ್ಲಿಯೂ ಕಪ್ಪು, ಹೊರಗೆ ಕೆಂಪು. ಮೈಯೆಲ್ಲ ಒಪ್ಪವಿಟ್ಟ ನುಣುಪು. ಬೋರಲು ಹಾಕಿ ಸುಟ್ಟಾಗ ಗಾಳಿ ತಾಗದ ಭಾಗವು ಕಪ್ಪಾಗಿಯೂ, ತಾಗಿದ ಭಾಗವು ಕೆಂಪಾಗಿಯೂ ಉಳಿಯಿತೆಂದು ವಿದ್ವಾಂಸರು ವಿವರಿಸುವರು. ಅದಕ್ಕಿಂತಲೂ ಕೆಳಗಿನ, ನೂತನ ಶಿಲಾಯುಗದ ಪದರಗಳಲ್ಲಿ ತಿಗರಿಯನ್ನೇ ಕಾಣದೆ ಕೈಯಿಂದ ಮಾಡಿ ಒಪ್ಪವಿಟ್ಟ ಬೂದುಬಣ್ಣದ ಮಡಕೆಗಳು ದೊರೆತಿವೆ. ಅವುಗಳನ್ನು ಮಾಡಿದ ಕೈಗಳ ಹೆಸರನ್ನು ಇನ್ನು ಯಾವ ಗುದ್ದಲಿಯೂ ಹೊರತೆಗೆಯಲಾರದು.

ಬೆಂಕಿಯಿಂದ ಬೇಡಿ ಪಡೆಯಬೇಕೆಂದೆನಷ್ಟೆ. ಬೆಂಕಿಯು ಯಾವಾಗಲೂ ಕೊಡುವುದಿಲ್ಲ. ಮಣ್ಣಿನಲ್ಲಿ ತೇವವು ಸ್ವಲ್ಪ ಉಳಿದಿದ್ದರೂ ಅದು ಆವಿಯಾಗಿ ಹಿಗ್ಗಿ ಪಾತ್ರೆಯನ್ನು ಒಡೆಯುವುದು. 573 ಡಿಗ್ರಿಯ ಹತ್ತಿರ ಮಣ್ಣಿನಲ್ಲಿರುವ ಬೆಣಚಿನ ಕಣಗಳು ತಟ್ಟನೆ ಹಿಗ್ಗುವುವು, ಆರುವಾಗ ಮತ್ತೆ ಕುಗ್ಗುವುವು. ಆ ಹೊತ್ತಿನಲ್ಲಿ ಉರಿಯನ್ನು ಅವಸರಿಸಿದರೆ ಕಂಠದಿಂದ ತಳದವರೆಗೆ ಸೀಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವು ಪರರ ಕೆಡುಕುತನಕ್ಕೆ ಉದಾಹರಿಸುತ್ತೇವೆ. ಆದರೆ ಕುಂಬಾರನಿಗೆ ಹೊರಗಿನ ದೊಣ್ಣೆಯೇ ಬೇಕಾಗಿಲ್ಲ. ತಾನೇ ಹಚ್ಚಿದ ಆವಿಗೆಯೊಳಗೆ ಆ ನಿಮಿಷವು ಕಾದಿರುವುದು. ಬಹುದಿನ ಕಟ್ಟಿ, ಹೆರೆದು, ತಿಕ್ಕಿದ ಕೊಡವು ಬೆಂಕಿಯಲ್ಲಿ ಹೋಯಿತೆಂದರೆ ಮರಳಿ ಮುದ್ದೆಯಿಂದಲೇ ಆರಂಭ. ಬಣ್ಣವು ಮನಸ್ಸಿಗೆ ಬಾರದಿದ್ದರೆ ಒಡುಂಡೊ ಅದೇ ಪಾತ್ರೆಯನ್ನು ಮತ್ತೆ ಆವಿಗೆಗೆ ಒಡ್ಡುವುದುಂಟು. ಗಟ್ಟಿಯಾಗಿರುವುದನ್ನು ಒಡೆದೀತೆಂಬ ಭಯವಿದ್ದೂ ಮತ್ತೆ ಬೆಂಕಿಗಿಡುವುದಕ್ಕೆ ಎಂಥ ಎದೆ ಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಈಕೆಯ ಕೊಡಗಳ ಚಿತ್ರವನ್ನು ಮನೆಯ ಹಿರಿಯಾಕೆಯೊಬ್ಬರಿಗೆ ತೋರಿಸಿದೆನು. ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, “ಚೆನ್ನಾಗಿದೆಯಪ್ಪಾ, ಬಸುರಿ ಹೆಂಗಸು ನಿಂತ ಹಾಗಿದೆ. ಆದರೆ ನೀರು ತುಂಬದ ಕೊಡವನ್ನು ಇಟ್ಟುಕೊಂಡು ಏನು ಮಾಡುವುದು?” ಎಂದರು. ಈ ಪ್ರಶ್ನೆಯನ್ನು ಹಾಸ್ಯವೆಂದು ತಳ್ಳಿಹಾಕಲಾಗದು. ಲಾಡಿ ಕ್ವಾಲಿಯ ಹಳ್ಳಿಯ ಹರವಿಯಲ್ಲಿ ನೀರಿತ್ತು. ಮನೆಮಂದಿಯ ಬಾಯಾರಿಕೆಯನ್ನು ಅದು ತಣಿಸುತ್ತಿತ್ತು. ಒಡುಂಡೊವಿನ ಕೊಡದಲ್ಲಿ ನೀರಿಲ್ಲ. ಅದನ್ನು ಕೊಳ್ಳುವ ಶಕ್ತಿಯು ಸಾಮಾನ್ಯ ಸಂಸಾರಿಗಳಿಗೂ ಇಲ್ಲ. ಹಳ್ಳಿಯ ವಿದ್ಯೆಯನ್ನು ಕಲಿತು ಪಟ್ಟಣದ ಸಿರಿವಂತರಿಗೆ ಮಾರಿದಂತಾಯಿತಲ್ಲವೇ ಎಂದು ಯಾರಾದರೂ ಕೇಳಿದರೆ ಅದಕ್ಕೆ ಉತ್ತರ ಕೊಡಬೇಕಾದದ್ದೇ.

ನನಗೆ ತೋರುವ ಉತ್ತರವು ಹೀಗಿದೆ. ಉಪಯೋಗದ ಪಾತ್ರೆಗೆ ಒಂದು ದುರ್ದೈವವುಂಟು: ಉಪಯೋಗಿಸುವವನು ಅದನ್ನು ನೋಡುವುದಿಲ್ಲ. ನೀರನ್ನು ನೋಡುವನು, ಅನ್ನವನ್ನು ನೋಡುವನು, ಪಾತ್ರೆಯನ್ನು ನೋಡನು. ಅದು ಒಡೆದ ದಿನ ಮಾತ್ರ ಅದರ ನೆನಪು. ಒಡುಂಡೊ ಆ ಕೊಡದಿಂದ ನೀರನ್ನು ತೆಗೆದು, ನಮ್ಮ ಕಣ್ಣೆದುರಿಗೆ ಬರಿದಾಗಿ ನಿಲ್ಲಿಸಿ, ಇಷ್ಟು ದಿನ ನೀವು ನೋಡದೆ ಹೋದ ರೂಪವು ಇದೇ ಎಂದು ತೋರಿಸಿದ್ದಾಳೆ. ತನ್ನ ಅನೇಕ ಕೃತಿಗಳಿಗೆ ಆಕೆಯು ಹೆಸರನ್ನೇ ಇಟ್ಟಿಲ್ಲ. ಕೊಡವೆಂದರೆ ಕೊಡ, ನೋಡಿದವರು ತಮ್ಮ ತಾಯಿಯನ್ನೋ, ಅಕ್ಕನನ್ನೋ, ಊರ ಬಾವಿಯ ದಾರಿಯನ್ನೋ ಅದರಲ್ಲಿ ಕಂಡುಕೊಳ್ಳಬಹುದು. 2019ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಎಂಬ ಊರಿನ ಹೆಪ್ವರ್ತ್ ಕಲಾಸಂಗ್ರಹಾಲಯದಲ್ಲಿ ಆಕೆಯ ಕೃತಿಗಳ ದೊಡ್ಡ ಪ್ರದರ್ಶನವು ನಡೆದಾಗ ಆಕೆಯು ತನ್ನ ಕೊಡಗಳನ್ನು ಒಂಟಿಯಾಗಿ ನಿಲ್ಲಿಸಲಿಲ್ಲ. ನಾನಾ ದೇಶಗಳ, ನಾನಾ ಕಾಲಗಳ ವಸ್ತುಗಳನ್ನು ತಾನೇ ಆರಿಸಿ ತರಿಸಿ, ತನ್ನ ಕೃತಿಗಳ ಪಕ್ಕದಲ್ಲಿರಿಸಿದಳು. ತಾನು ಪಡೆದ ಸಾಲವನ್ನು ಎಲ್ಲರೆದುರಿಗೆ ಒಪ್ಪಿಕೊಳ್ಳುವ ರೀತಿಯಿದು.

ಆಕೆಯ ಗುರುವಿಗೂ ಗೌರವವು ಬಾರದಿರಲಿಲ್ಲ. ಲಾಡಿ ಕ್ವಾಲಿಯು 1984ರಲ್ಲಿ ತೀರಿಕೊಂಡಳು. 2007ರಲ್ಲಿ ನೈಜೀರಿಯಾ ಸರಕಾರವು ಹೊರಡಿಸಿದ 20 ನೈರಾ ನೋಟಿನ ಹಿಂಬದಿಯಲ್ಲಿ, ಮಡಕೆಯ ಪಕ್ಕದಲ್ಲಿ ನಿಂತ ಆಕೆಯ ಚಿತ್ರವನ್ನು ಅಚ್ಚು ಹಾಕಿಸಿತು. ಅರಸರೂ ಮಂತ್ರಿಗಳೂ ಸೇನಾಪತಿಗಳೂ ಇರುವ ಸ್ಥಾನದಲ್ಲಿ ಒಬ್ಬ ಕುಂಬಾರಗಿತ್ತಿಯು ಬಂದು ನಿಂತದ್ದು ಲೋಕದಲ್ಲಿ ಅಪರೂಪವಾದ ಸಂಗತಿ. ಶಿಷ್ಯಳಾದ ಒಡುಂಡೊ ಫಾರ್ನಮ್ಮಿನ ತನ್ನ ಹಳೆಯ ಶಾಲೆಯಲ್ಲಿಯೇ ಬಹುವರ್ಷ ಪಾಠ ಹೇಳಿ ಪ್ರಾಧ್ಯಾಪಿಕೆಯಾದಳು. 2018ರಲ್ಲಿ ಆ ಶಾಲೆಯನ್ನೊಳಗೊಂಡ ಕಲಾವಿಶ್ವವಿದ್ಯಾಲಯದ ಕುಲಪತಿಯಾಗಿ ನೇಮಕಗೊಂಡಳು. 2020ರಲ್ಲಿ ಬ್ರಿಟಿಷ್ ಸರಕಾರದಿಂದ ಡೇಮ್ ಎಂಬ ಬಿರುದನ್ನು ಪಡೆದಳು. 2022ರಲ್ಲಿ ವೆನಿಸ್ ನಗರದ ಪ್ರಸಿದ್ಧ ಕಲಾಮೇಳದಲ್ಲಿ, ಚಿತ್ರಪಟಗಳಿಗೂ ಶಿಲ್ಪಗಳಿಗೂ ಸಮನಾಗಿ ಆಕೆಯ ಕೊಡಗಳು ನಿಂತವು. ಕಲಾವಿದರೆಂದರೆ ಚಿತ್ರಕಾರರೂ ಶಿಲ್ಪಿಗಳೂ ಮಾತ್ರ, ಮಡಕೆ ಮಾಡುವವರು ಬರಿಯ ಕಸುಬಿನವರು ಎಂಬ ಹಳೆಯ ಗೋಡೆಯು ಹೀಗೆ ಸ್ವಲ್ಪಸ್ವಲ್ಪವಾಗಿ ಕರಗುತ್ತ ಬಂದಿದೆ.

ಈ ಗೌರವಗಳ ಪಟ್ಟಿಗಿಂತಲೂ ನಾನು ವಾಚಕರ ಮುಂದಿಡಬೇಕೆಂದದ್ದು ಆ ಅಬುಜಾದ ಪ್ರಯಾಣವನ್ನು. ವಿದ್ಯೆಯು ಎಲ್ಲಿದೆಯೆಂದು ಗುರುತಿಸುವುದೇ ಅರ್ಧ ವಿದ್ಯೆ. ಪುಸ್ತಕವನ್ನು ಓದಲಾರದ ಕೈಯಲ್ಲಿ ಪುಸ್ತಕದಲ್ಲಿಲ್ಲದ ಅರಿವು ಇರಬಹುದೆಂದು ಆ ತರುಣಿಯು ನಂಬಿದಳು. ನಂಬಿ ಹುಡುಕಿಕೊಂಡು ಹೋದಳು. ಹೋಗಿ ಅವರ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟು ಮಡಕೆಯ ಸುತ್ತಲೂ ನಡೆದಳು. ಆಕೆಯು ಹೋಗದಿದ್ದರೆ ಇಂಗ್ಲೆಂಡಿನಲ್ಲಿ ತಿಗರಿಯ ಕುಂಬಾರರು ಒಬ್ಬರು ಹೆಚ್ಚಾಗುತ್ತಿದ್ದರು, ಅಷ್ಟೆ. ನಮ್ಮ ಊರುಗಳಲ್ಲಿಯೂ ಅಂಥ ಕೈಗಳು ಇನ್ನೂ ಉಳಿದಿವೆ. ಅವರ ಮಕ್ಕಳು ಮಣ್ಣನ್ನು ಬಿಟ್ಟು ಬೇರೆ ಕೆಲಸಗಳಿಗೆ ಹೋಗುತ್ತಿರುವುದನ್ನು ತಪ್ಪೆನ್ನುವ ಅಧಿಕಾರವು ಬೆಲೆಯನ್ನು ಜಗ್ಗುವ ನಮಗೆಲ್ಲಿಯದು?

ಆದಕಾರಣ ಮುಂದಿನ ಬೇಸಗೆಯಲ್ಲಿ ಹೂಜಿಯನ್ನು ಕೊಳ್ಳಲು ಹೋದಾಗ ಎಂದಿನಂತೆ ಎತ್ತಿ ಹಿಡಿಯಿರಿ, ಬಾರಿಸಿ ಕೇಳಿರಿ, ಅದು ತಪ್ಪಲ್ಲ. ಆಮೇಲೆ ಒಂದು ಗಳಿಗೆ ನಿಂತು, ಇದನ್ನು ಮಾಡಿದವರು ಯಾರು, ಅವರ ಹೆಸರೇನು ಎಂದು ಮಾರುವವರನ್ನು ವಿಚಾರಿಸಿರಿ. ಮಾರುವಾಕೆಯು ತಲೆ ತಗ್ಗಿಸಿ, “ನಾವೇ ಮಾಡಿದ್ದು, ಅವ್ವಾ” ಎಂದರೆ, ಅಂದು ನೀವು ಮನೆಗೆ ತರುವ ನೀರಿನ ರುಚಿಯು ಹೆಚ್ಚಾಗದೆ ಇರಲಾರದು.